ಎಷ್ಟು ದಿನದ ಕೌಲು?

ನಮ್ಮ ಬಳ್ಳಾರಿಯಲ್ಲಿ ಕೌಲ್ ಬಜಾರ್ ಎಂಬ ಪೇಟೆಯೊಂದಿದೆ. ದಂಡು ಪ್ರದೇಶದ ಮಗ್ಗುಲಲ್ಲಿ ಬೆಳೆದ ಪೇಟೆ. ಕನ್ನಡ, ತೆಲುಗು, ಉರ್ದು, ತಮಿಳು ನಾಲ್ಕೂ ಒಂದೇ ಬೀದಿಯಲ್ಲಿ ಕಿವಿಗೆ ಬೀಳುವ ಜಾಗ. ದಿನವೂ ಆ ಹೆಸರನ್ನಾಡುವವರು ಅದರ ಮೊದಲ ಪದವನ್ನು ಅಷ್ಟಾಗಿ ಗಮನಿಸುವುದಿಲ್ಲ. ಕೌಲು ಎಂಬುದು ಅರಬ್ಬಿಯಿಂದ ಪಾರಸಿಯ ದಾರಿ ಹಿಡಿದು ನಮ್ಮ ಕಂದಾಯದ ಕಾಗದಗಳೊಳಕ್ಕೆ ಬಂದದ್ದು. ಮೂಲದಲ್ಲಿ ಅದಕ್ಕೆ ‘ಮಾತು’ ಎಂದಷ್ಟೇ ಅರ್ಥ. ಬಳಕೆಯಲ್ಲಿ ಅದು ಕೊಟ್ಟ ಮಾತು, ಕರಾರು, ಅಭಯಪತ್ರ ಎಂದಾಯಿತು. ಪಾಳುಬಿದ್ದ ಹೊಲವನ್ನು ಸಾಗುವಳಿಗೆ ತರುವ ರೈತನಿಗೆ ಇಷ್ಟು ವರ್ಷ ಇಷ್ಟೇ ಕಂದಾಯವೆಂದು ಕೌಲು ಕೊಡುತ್ತಿದ್ದರು. ಹೀಗಾಗಿ ಕೌಲಿನಲ್ಲಿ ಎರಡು ಅಂಶಗಳು ಕೂಡಿಕೊಂಡಿರುತ್ತವೆ: ಒಂದು ಅವಧಿ, ಇನ್ನೊಂದು ಭರವಸೆ.

ಊರಿನಲ್ಲಿ ಕಾಲೇಜು ಮೇಷ್ಟ್ರು ಎಂದರೆ ಇಂಗ್ಲಿಷ್ ಕಾಗದ ಓದಿ ಹೇಳುವವನು ಎಂದೂ ಅರ್ಥ. ಕನ್ನಡದ ಮೇಷ್ಟ್ರಿಗೂ ಇದರಿಂದ ವಿನಾಯಿತಿಯಿಲ್ಲ. ಆಸ್ಪತ್ರೆಯ ಲಕೋಟೆ ಹಿಡಿದು ಬರುವ ನೆರೆಹೊರೆಯವರು, “ಇದರಾಗ ಏನು ಬರದಾರ ನೋಡ್ರಿ ಸರ್” ಎನ್ನುತ್ತಾರೆ. ಒಮ್ಮೊಮ್ಮೆ ಅದರಲ್ಲಿ ‘ಗ್ಲಯೋಬ್ಲಾಸ್ಟೋಮಾ, ನಾಲ್ಕನೆಯ ದರ್ಜೆ’ ಎಂದಿರುತ್ತದೆ. ಮಿದುಳಿನಲ್ಲಿ ಹುಟ್ಟುವ ಗೆಡ್ಡೆಗಳಲ್ಲೆಲ್ಲ ಅತ್ಯಂತ ಉಗ್ರವಾದವುಗಳಲ್ಲಿ ಒಂದು. ಓದಿ ಮುಗಿಸುವ ಮುನ್ನವೇ ಎರಡನೆಯ ಪ್ರಶ್ನೆ ಬರುತ್ತದೆ: “ಎಷ್ಟು ದಿನ ಅಂತ ಏನಾದ್ರೂ ಬರದಾರೇನ್ರಿ?” ಅವರು ಕೇಳುತ್ತಿರುವುದು ಕೌಲನ್ನೇ. ವೈದ್ಯಶಾಸ್ತ್ರ ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಬಂದ ಬಗೆಗೆ ಒಂದು ಚರಿತ್ರೆಯುಂಟು. ಅದನ್ನು ತಿಳಿದರೆ ಉತ್ತರದ ಬೆಲೆಯೂ ಅದರ ಮಿತಿಯೂ ಎರಡೂ ತಿಳಿಯುತ್ತವೆ.

ಸಾಧ್ಯ, ಅಸಾಧ್ಯ, ಯಾಪ್ಯ

ರೋಗಿ ಉಳಿಯುವನೇ ಎಂಬ ವಿಚಾರ ನಮ್ಮ ವೈದ್ಯಕ್ಕೆ ಹೊಸದಲ್ಲ. ಚರಕಸಂಹಿತೆಯ ಇಂದ್ರಿಯಸ್ಥಾನದ ಹನ್ನೆರಡು ಅಧ್ಯಾಯಗಳೂ ಇದಕ್ಕೇ ಮೀಸಲು. ರೋಗಿಯ ಬಣ್ಣ, ಸ್ವರ, ವಾಸನೆ, ನೆರಳು, ಕನಸು ಇವುಗಳಲ್ಲಿ ಸಾವಿನ ಮುನ್ಸೂಚನೆಯಾದ ಅರಿಷ್ಟಗಳನ್ನು ಗುರುತಿಸುವ ಬಗೆ ಅಲ್ಲಿದೆ. ಸೂತ್ರಸ್ಥಾನದಲ್ಲಿ ರೋಗಗಳನ್ನು ನಾಲ್ಕು ಬಗೆಯಾಗಿ ಎಣಿಸಿದೆ: ಸುಲಭವಾಗಿ ಗುಣವಾಗುವ ಸುಖಸಾಧ್ಯ, ಕಷ್ಟದಿಂದ ಗುಣವಾಗುವ ಕೃಚ್ಛ್ರಸಾಧ್ಯ, ಚಿಕಿತ್ಸೆ ನಡೆದಿರುವವರೆಗೆ ತಡೆದು ನಿಲ್ಲಿಸಬಹುದಾದ ಯಾಪ್ಯ, ಕೈಬಿಡಬೇಕಾದ ಪ್ರತ್ಯಾಖ್ಯೇಯ. ಅಸಾಧ್ಯವಾದುದಕ್ಕೆ ಕೈಹಾಕಿದ ವೈದ್ಯನಿಗೆ ಹಣ, ವಿದ್ಯೆ, ಕೀರ್ತಿಗಳ ಹಾನಿಯೆಂಬ ಎಚ್ಚರಿಕೆಯೂ ಅಲ್ಲಿಯೇ ಇದೆ. ಅಂದರೆ ಆ ಕಾಲದ ಭವಿಷ್ಯಜ್ಞಾನ ರೋಗಿಗೆ ಎಷ್ಟು ಬೇಕಾಗಿತ್ತೋ ವೈದ್ಯನ ಮಾನರಕ್ಷಣೆಗೂ ಅಷ್ಟೇ ಬೇಕಾಗಿತ್ತು.

ನಾಲ್ಕರಲ್ಲಿ ಯಾಪ್ಯವೆಂಬ ಮಾತು ನಮಗೆ ಈಗಲೂ ಉಪಯೋಗಕ್ಕೆ ಬರತಕ್ಕದ್ದು. ಸುಶ್ರುತನು ಅದಕ್ಕೆ ಕೊಡುವ ಹೋಲಿಕೆ ಬೀಳುತ್ತಿರುವ ಮನೆಗೆ ಸರಿಯಾಗಿ ಕೊಟ್ಟ ಊರೆಗಂಬದ್ದು. ಕಂಬದಿಂದ ಮನೆ ಹೊಸದಾಗುವುದಿಲ್ಲ. ಆದರೆ ಕಂಬ ಇರುವಷ್ಟು ಕಾಲ ಒಳಗೆ ಸಂಸಾರ ಮಾಡಬಹುದು. ಎಷ್ಟು ಕಾಲವೆಂಬುದನ್ನು ಪ್ರಾಚೀನರು ಲೆಕ್ಕಹಾಕಲಿಲ್ಲ. ಒಬ್ಬೊಬ್ಬ ರೋಗಿಯನ್ನೂ ಕಣ್ಣಿಟ್ಟು ನೋಡಿದರು. ನೂರಾರು ರೋಗಿಗಳನ್ನು ಒಂದು ಪಟ್ಟಿಯಲ್ಲಿಟ್ಟು ಎಣಿಸುವ ಕ್ರಮ ಬರಲು ಬಹುಕಾಲ ಬೇಕಾಯಿತು.

ಹೆಸರಿಟ್ಟವರು

ತಲೆಬುರುಡೆಯೊಳಗಿನ ಗೆಡ್ಡೆ ಬಹುಕಾಲ ವೈದ್ಯರ ಕೈಗೆಟುಕಲಿಲ್ಲ. ೧೮೮೪ರ ನವೆಂಬರ್ ೨೫ರಂದು ಲಂಡನ್ನಿನಲ್ಲಿ ರಿಕ್‌ಮನ್ ಗಾಡ್ಲಿ ಎಂಬ ಶಸ್ತ್ರವೈದ್ಯ ಒಬ್ಬ ತರುಣನ ಮಿದುಳಿನಿಂದ ಗ್ಲಯೋಮಾ ಗೆಡ್ಡೆಯನ್ನು ತೆಗೆದನು. ಆಗ ಕ್ಷ-ಕಿರಣಗಳು ಇನ್ನೂ ಪತ್ತೆಯಾಗಿರಲಿಲ್ಲ. ಕೈಕಾಲಿನ ಸೆಳವು ಮತ್ತು ನಿಶ್ಶಕ್ತಿಯನ್ನಷ್ಟೇ ಗಮನಿಸಿ, ಗೆಡ್ಡೆ ಇಂಥಲ್ಲಿಯೇ ಇದೆಯೆಂದು ಹ್ಯೂಸ್ ಬೆನೆಟ್ ಎಂಬ ವೈದ್ಯ ಮೊದಲೇ ಹೇಳಿದ್ದನು. ಹೇಳಿದ ಜಾಗದಲ್ಲೇ ಅದು ಸಿಕ್ಕಿತು. ಆದರೆ ಗಾಯಕ್ಕೆ ನಂಜೇರಿ ಸುಮಾರು ನಾಲ್ಕು ವಾರಗಳಲ್ಲಿ ರೋಗಿ ತೀರಿಕೊಂಡ.

ಆಯುಸ್ಸಿನ ಪ್ರಶ್ನೆಗೆ ಮೊದಲ ಕ್ರಮಬದ್ಧ ಉತ್ತರ ಬಂದದ್ದು ೧೯೨೬ರಲ್ಲಿ. ಅಮೆರಿಕದ ಪರ್ಸಿವಲ್ ಬೇಲಿ ಮತ್ತು ಹಾರ್ವಿ ಕುಶಿಂಗ್ ನಾನೂರಕ್ಕೂ ಹೆಚ್ಚು ಗ್ಲಯೋಮಾ ಗೆಡ್ಡೆಗಳ ದಾಖಲೆಯನ್ನು ಮುಂದಿಟ್ಟುಕೊಂಡರು. ಗೆಡ್ಡೆಯ ತುಣುಕನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಅದರ ಕುಲ ಯಾವುದೆಂದು ಗೊತ್ತುಮಾಡುವುದು ಒಂದು ಕೆಲಸ. ಆ ಕುಲದ ರೋಗಿಗಳು ಎಷ್ಟು ಕಾಲ ಬದುಕಿದರೆಂದು ಪತ್ತೆಮಾಡುವುದು ಇನ್ನೊಂದು. ಎರಡನ್ನೂ ಜೋಡಿಸಿದಾಗ ಒಂದು ಸತ್ಯ ಎದ್ದು ಕಂಡಿತು. ಒಂದು ಕುಲದವರು ಸರಾಸರಿ ಆರೇಳು ವರ್ಷ ಬದುಕಿದ್ದರೆ, ಇಂದು ಗ್ಲಯೋಬ್ಲಾಸ್ಟೋಮಾ ಎನ್ನುವ ಕುಲದವರು ಬದುಕಿದ್ದು ವರ್ಷದ ಆಸುಪಾಸು. ಗೆಡ್ಡೆಗೆ ಹೆಸರಿಡುವುದೆಂದರೆ ಆಯುಸ್ಸಿನ ಅಂದಾಜನ್ನೂ ಹೇಳಿದಂತೆ ಎಂಬುದು ಆ ಗ್ರಂಥದಿಂದ ಸ್ಥಿರಪಟ್ಟಿತು.

ಹಾಗಾದರೆ ಗೆಡ್ಡೆಯನ್ನು ಪೂರ್ತಿಯಾಗಿ ಕಿತ್ತುಹಾಕಿದರಾಯಿತಲ್ಲವೆ? ೧೯೨೮ರಲ್ಲಿ ವಾಲ್ಟರ್ ಡ್ಯಾಂಡಿ ಈ ವಿಚಾರವನ್ನು ಅದರ ಕೊನೆಯ ಅಂಚಿನವರೆಗೂ ಕೊಂಡೊಯ್ದನು. ಆಗಲೇ ಎಡಮೈ ಸ್ವಾಧೀನ ತಪ್ಪಿದ್ದ ಕೆಲವು ರೋಗಿಗಳ ಮಿದುಳಿನ ಬಲ ಅರ್ಧವನ್ನೇ ತೆಗೆದುಬಿಟ್ಟನು. ಅಷ್ಟಾದರೂ ರೋಗ ಮರಳಿ ಕಾಣಿಸಿತು. ಈ ಗೆಡ್ಡೆ ನೆಲದ ಮೇಲಿನ ಕಲ್ಲಿನಂತೆ ಬೇರ್ಪಟ್ಟು ಕೂತಿರುವುದಿಲ್ಲ; ಗರಿಕೆಯ ಬೇರಿನಂತೆ ಕಣ್ಣಿಗೆ ಕಾಣದ ದೂರಕ್ಕೆ ಹಬ್ಬಿರುತ್ತದೆ. ಈ ತಿಳಿವಳಿಕೆ ಡ್ಯಾಂಡಿಯ ರೋಗಿಗಳು ನಮಗೆ ಬಿಟ್ಟುಹೋದದ್ದು.

ಮದರಾಸು, ವೇಲೂರು, ಬೆಂಗಳೂರು

ಆ ವರ್ಷಗಳಲ್ಲಿ ಬಳ್ಳಾರಿಯ ರೋಗಿ ಎಲ್ಲಿಗೆ ಹೋಗಬೇಕಾಗಿತ್ತು? ೧೯೫೩ರ ಅಕ್ಟೋಬರ್ ೧ರಂದು ಮೈಸೂರಿಗೆ ಸೇರುವವರೆಗೂ ನಮ್ಮದು ಮದರಾಸಿಗೆ ಸೇರಿದ ಜಿಲ್ಲೆ. ಕಚೇರಿ, ಕೋರ್ಟು, ಕಾಲೇಜುಗಳಂತೆ ದೊಡ್ಡ ಆಸ್ಪತ್ರೆಯೂ ಮದರಾಸೇ. ಗುಂತಕಲ್ಲಿನಲ್ಲಿ ರೈಲು ಬದಲಿಸಿ ಹೋಗತಕ್ಕದ್ದು. ಆದರೆ ಅಲ್ಲಿಯೂ ಮಿದುಳಿನ ಶಸ್ತ್ರಚಿಕಿತ್ಸೆಗೆ ಪ್ರತ್ಯೇಕ ವಿಭಾಗವಿರಲಿಲ್ಲ. ಭಾರತದಲ್ಲಿ ಇಂಥ ಮೊದಲ ವಿಭಾಗ ೧೯೪೯ರಲ್ಲಿ ವೇಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಜೇಕಬ್ ಚಾಂಡಿಯವರಿಂದ ಆರಂಭವಾಯಿತು. ಮರುವರ್ಷ ಬಿ. ರಾಮಮೂರ್ತಿಯವರು ಮದರಾಸಿನ ಜನರಲ್ ಆಸ್ಪತ್ರೆಯಲ್ಲಿ ಕೆಲಸಕ್ಕೆ ತೊಡಗಿದರು.

ಬೆಂಗಳೂರಿನಲ್ಲಿ ಮಾನಸಿಕ ಆಸ್ಪತ್ರೆಯ ಆವರಣದಲ್ಲಿ ೧೯೫೪ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು. ೧೯೫೮ರಲ್ಲಿ ಡಾ. ಆರ್. ಎಂ. ವರ್ಮಾ ಅವರು ಅಲ್ಲಿ ನರಶಸ್ತ್ರಚಿಕಿತ್ಸೆಯನ್ನು ಆರಂಭಿಸಿದರು. ೧೯೭೪ರಲ್ಲಿ ಆಸ್ಪತ್ರೆಯೂ ಸಂಸ್ಥೆಯೂ ಒಂದಾಗಿ ಇಂದು ನಾವು ನಿಮ್ಹಾನ್ಸ್ ಎನ್ನುವ ರೂಪ ತಾಳಿದವು. ೧೯೭೩ರಲ್ಲಿ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆ ಬಂತು. ನಮ್ಮ ಊರಿನಲ್ಲಿಯೇ ೧೯೬೧ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ತೆರೆಯಿತು. ಸುಮಾರು ಇಪ್ಪತ್ತು ವರ್ಷಗಳ ಅಂತರದಲ್ಲಿ ಬಳ್ಳಾರಿಯ ರೋಗಿಯ ದಾರಿ ಪೂರ್ವದ ಮದರಾಸಿನಿಂದ ದಕ್ಷಿಣದ ಬೆಂಗಳೂರಿನ ಕಡೆಗೆ ತಿರುಗಿತು.

ಎಣಿಸಿದವರು

ಇತ್ತ ಎಣಿಕೆಯ ಶಾಸ್ತ್ರ ಮುಂದುವರಿಯಿತು. ೧೯೪೯ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನ ಕರ್ನೋಹಾನ್ ಮತ್ತು ಸಂಗಡಿಗರು ಗೆಡ್ಡೆಗಳನ್ನು ಉಗ್ರತೆಗೆ ತಕ್ಕಂತೆ ನಾಲ್ಕು ದರ್ಜೆಗಳಾಗಿ ವಿಂಗಡಿಸಿದರು. ಕಾಗದದ ಮೇಲೆ ನಾವು ಓದುವ ‘ನಾಲ್ಕನೆಯ ದರ್ಜೆ’ಯ ಪೂರ್ವಜ ಅದು. ಅದೇ ಸುಮಾರಿಗೆ ಡೇವಿಡ್ ಕಾರ್ನೋಫ್‌ಸ್ಕಿ ಎಂಬಾತ ಗೆಡ್ಡೆಯನ್ನು ಬಿಟ್ಟು ಮನುಷ್ಯನನ್ನು ಅಳೆಯುವ ಮಾನವೊಂದನ್ನು ರೂಪಿಸಿದನು. ಎಲ್ಲ ಕೆಲಸ ಮಾಡಿಕೊಂಡು ನೆಮ್ಮದಿಯಾಗಿರುವವನಿಗೆ ನೂರು. ದುಡಿಯಲಾರ, ಆದರೆ ಸ್ನಾನ ಊಟಗಳನ್ನು ತಾನೇ ನೋಡಿಕೊಳ್ಳುತ್ತಾನೆ ಎಂಬವನಿಗೆ ಎಪ್ಪತ್ತು. ಹೀಗೆ ಇಳಿಯುತ್ತ ಹೋಗುತ್ತದೆ. ಇದಕ್ಕೆ ಯಂತ್ರ ಬೇಡ. ರೋಗಿಯ ಹೆಂಡತಿಯನ್ನೋ ತಾಯಿಯನ್ನೋ ಕೇಳಿದರೆ ಸಾಕು. ಆದರೂ ಮುಂದಿನ ಬಹುತೇಕ ಅಧ್ಯಯನಗಳಲ್ಲಿ ಈ ಸರಳ ಅಂಕ ಆಯುಸ್ಸಿನ ಪ್ರಬಲ ಸೂಚನೆಯಾಗಿ ನಿಂತಿತು.

ಚಿಕಿತ್ಸೆಯ ಪರೀಕ್ಷೆಗಳೂ ನಡೆದವು. ೧೯೭೮ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗದಲ್ಲಿ, ಶಸ್ತ್ರಚಿಕಿತ್ಸೆಯ ಬಳಿಕ ಶುಶ್ರೂಷೆಯನ್ನಷ್ಟೇ ಪಡೆದವರ ನಡುವಣ ಆಯುಸ್ಸು ೧೪ ವಾರ. ವಿಕಿರಣ ಚಿಕಿತ್ಸೆ ಪಡೆದವರದು ೩೫ ವಾರ. ನಮ್ಮ ಕಡೆ ಇದನ್ನು ‘ಕರೆಂಟ್ ಕೊಡಿಸುವುದು’ ಎನ್ನುತ್ತಾರೆ. ಆ ಕರೆಂಟಿನ ಬೆಲೆ ಏನೆಂದು ಮೊದಲ ಬಾರಿಗೆ ಖಚಿತವಾಗಿ ಅಳೆದದ್ದು ಅಲ್ಲಿ.

೧೯೯೩ರಲ್ಲಿ ಕರನ್ ಮತ್ತು ಸಂಗಡಿಗರು ಮೂರು ಪ್ರಯೋಗಗಳ ೧,೫೭೮ ರೋಗಿಗಳ ವಿವರಗಳನ್ನು ಒಟ್ಟುಗೂಡಿಸಿ, ಯಾವ ಅಂಶ ಎಲ್ಲಕ್ಕಿಂತ ಹೆಚ್ಚು ಭೇದವುಂಟುಮಾಡುತ್ತದೆ ಎಂದು ಜರಡಿ ಹಿಡಿದರು. ಮೊದಲು ಬಂದದ್ದು ವಯಸ್ಸು: ಐವತ್ತರ ಕೆಳಗೋ ಮೇಲೋ. ಬಳಿಕ ಗೆಡ್ಡೆಯ ಕುಲ, ಕಾರ್ನೋಫ್‌ಸ್ಕಿಯ ಅಂಕ, ಮನಸ್ಸಿನ ಎಚ್ಚರ, ಶಸ್ತ್ರಚಿಕಿತ್ಸೆಯ ವ್ಯಾಪ್ತಿ ಮೊದಲಾದವು. ಇವನ್ನು ಹೆಣೆದು ಆರು ವರ್ಗಗಳನ್ನು ಮಾಡಿದಾಗ ಮೇಲಿನ ವರ್ಗದ ನಡುವಣ ಆಯುಸ್ಸು ೫೮.೬ ತಿಂಗಳು, ಕೆಳಗಿನದು ೪.೭ ತಿಂಗಳು. ಉಗ್ರ ಗೆಡ್ಡೆಯೆಂದು ಒಂದೇ ಗುಂಪಿಗೆ ಸೇರಿಸಿದವರ ನಡುವೆ ಇಷ್ಟು ಅಂತರ!

೨೦೦೧ರಲ್ಲಿ ಟೆಕ್ಸಾಸಿನ ಆಸ್ಪತ್ರೆಯೊಂದರ ೪೧೬ ರೋಗಿಗಳ ಅಧ್ಯಯನ ಹೊರಬಂತು. ಗೆಡ್ಡೆಯ ನೂರಕ್ಕೆ ತೊಂಬತ್ತೆಂಟು ಪಾಲಾದರೂ ತೆಗೆಯಲು ಸಾಧ್ಯವಾದವರ ನಡುವಣ ಆಯುಸ್ಸು ೧೩ ತಿಂಗಳು; ಉಳಿದವರದು ೮.೮. ಇಲ್ಲಿ ವಿವೇಕ ಬೇಕು. ಪೂರ್ತಿ ತೆಗೆಯಲು ಬರುವ ಗೆಡ್ಡೆ ಸಾಮಾನ್ಯವಾಗಿ ಮಾತು, ಚಲನೆಗಳ ಕೇಂದ್ರಗಳಿಂದ ದೂರ, ಮೇಲುಮೇಲೆ ಕೂತಿರುವಂಥದು. ಆಳದಲ್ಲಿ ಅಡಗಿದ ಗೆಡ್ಡೆಯ ರೋಗಿಗೆ ಆ ಅವಕಾಶವೇ ಇರುವುದಿಲ್ಲ. ಆದುದರಿಂದ ಹೆಚ್ಚಿನ ಆಯುಸ್ಸಿಗೆ ಕತ್ತಿಯ ಕೌಶಲ ಎಷ್ಟು ಕಾರಣ, ಗೆಡ್ಡೆ ಕೂತ ಜಾಗ ಎಷ್ಟು ಕಾರಣ ಎಂದು ಬಿಡಿಸಿ ಹೇಳುವುದು ಸುಲಭವಲ್ಲ. ಸುರಕ್ಷಿತವಾಗಿ ತೆಗೆಯಬಹುದಾದಷ್ಟನ್ನೂ ತೆಗೆಯಬೇಕು ಎಂಬಷ್ಟರಲ್ಲಿ ಮಾತ್ರ ಶಸ್ತ್ರವೈದ್ಯರಲ್ಲಿ ಒಮ್ಮತವಿದೆ.

ಅಣುವಿನ ಸಾಕ್ಷ್ಯ

೨೦೦೫ನೆಯ ಇಸವಿ ಈ ಚರಿತ್ರೆಯಲ್ಲಿ ದೊಡ್ಡ ತಿರುವು. ಯೂರೋಪು ಮತ್ತು ಕೆನಡಾಗಳ ೫೭೩ ರೋಗಿಗಳಲ್ಲಿ ಅರ್ಧದಷ್ಟು ಜನಕ್ಕೆ ವಿಕಿರಣದ ಜೊತೆಗೆ ಟೆಮೊಜೊಲೊಮೈಡ್ ಎಂಬ ಗುಳಿಗೆ ಕೊಡಲಾಯಿತು. ನಡುವಣ ಆಯುಸ್ಸು ೧೨.೧ ತಿಂಗಳಿನಿಂದ ೧೪.೬ಕ್ಕೆ ಏರಿತು. ಎರಡೂವರೆ ತಿಂಗಳೇನು ಮಹಾ ಎಂದು ಕೇಳಬಹುದು. ಆದರೆ ಎರಡು ವರ್ಷ ದಾಟಿದವರು ನೂರಕ್ಕೆ ಹತ್ತರಿಂದ ಇಪ್ಪತ್ತಾರಕ್ಕೆ ಏರಿದರು. ನಡುವಣ ಸಂಖ್ಯೆ ಮುಚ್ಚಿಟ್ಟಿದ್ದನ್ನು ಬಾಲದ ಸಂಖ್ಯೆ ತೋರಿಸಿತು.

ಗುಳಿಗೆ ಕೆಲವರಿಗೆ ಚೆನ್ನಾಗಿ ಹಿಡಿದು ಕೆಲವರಿಗೆ ಹಿಡಿಯದಿರುವುದೇಕೆ? ಅದೇ ವರ್ಷ ಹೆಗಿ ಎಂಬಾಕೆ ಮತ್ತು ಸಂಗಡಿಗರು ಎಂಜಿಎಂಟಿ ಎಂಬ ಜೀನಿನ ಕಡೆ ಬೆರಳು ತೋರಿದರು. ಜೀನ್ಸ್ ಹೊಲಿಯುವ ನಮ್ಮ ಊರಿನವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಗುಳಿಗೆಯ ಕೆಲಸ ಗೆಡ್ಡೆಯ ಜೀವಕಣದ ಹೊಲಿಗೆ ಬಿಚ್ಚುವುದು. ಎಂಜಿಎಂಟಿ ಬಿಚ್ಚಿದ್ದನ್ನು ಮತ್ತೆ ಹೊಲಿಯುವ ದರ್ಜಿ. ಕೆಲವು ಗೆಡ್ಡೆಗಳಲ್ಲಿ ಮೀಥೈಲ್ ಎಂಬ ರಾಸಾಯನಿಕ ಮುದ್ರೆ ಬಿದ್ದು ಈ ದರ್ಜಿಯ ಅಂಗಡಿ ಮುಚ್ಚಿರುತ್ತದೆ. ಅಂಥವರಲ್ಲಿ ಗುಳಿಗೆ ತೆಗೆದುಕೊಂಡವರ ನಡುವಣ ಆಯುಸ್ಸು ೨೧.೭ ತಿಂಗಳು, ತೆಗೆದುಕೊಳ್ಳದವರದು ೧೫.೩. ಅಂಗಡಿ ತೆರೆದೇ ಇದ್ದವರಲ್ಲಿ ಗುಳಿಗೆಯಿಂದ ಆದ ಲಾಭ ಅತ್ಯಲ್ಪ.

೨೦೦೮ರಲ್ಲಿ ಐಡಿಎಚ್ ಎಂಬ ಇನ್ನೊಂದು ಜೀನಿನ ಮಾರ್ಪಾಡು ಪತ್ತೆಯಾಯಿತು. ಮಾರ್ಪಾಡು ಇದ್ದವರ ನಡುವಣ ಆಯುಸ್ಸು ೩.೮ ವರ್ಷ, ಇಲ್ಲದವರದು ೧.೧ ವರ್ಷ. ಮಾರ್ಪಾಡು ಇದ್ದವರು ಬಹುಮಟ್ಟಿಗೆ ಕಿರಿಯ ವಯಸ್ಸಿನವರು. ಇಲ್ಲಿಗೆ ಹಳೆಯ ಒಗಟೊಂದು ಭಾಗಶಃ ಬಿಡಿಸಿತು. ೧೯೯೩ರಲ್ಲಿ ವಯಸ್ಸೆಂದು ಕಂಡದ್ದರ ಹಿಂದೆ ಆಗ ಯಾರಿಗೂ ಗೊತ್ತಿರದ ಒಂದು ಅಣು ಅಡಗಿತ್ತು. ಇಬ್ಬರಿಗೂ ಒಂದೇ ಹೆಸರಿನ ರೋಗವೆಂದು ತಿಳಿದಿದ್ದುದು ವಾಸ್ತವವಾಗಿ ಎರಡು ರೋಗಗಳು. ವಿಶ್ವ ಆರೋಗ್ಯ ಸಂಸ್ಥೆ ೨೦೨೧ರ ವರ್ಗೀಕರಣದಲ್ಲಿ ಐಡಿಎಚ್ ಮಾರ್ಪಾಡು ಇರುವ ಗೆಡ್ಡೆಯನ್ನು ಗ್ಲಯೋಬ್ಲಾಸ್ಟೋಮಾ ಎಂಬ ಹೆಸರಿನಿಂದಲೇ ಹೊರಗಿಟ್ಟಿತು. ಆದ್ದರಿಂದ ಹಳೆಯ ಪುಸ್ತಕದ ಅಂಕಿಯನ್ನು ಇಂದಿನ ರೋಗಿಯ ಕಾಗದಕ್ಕೆ ಅಂಟಿಸಕೂಡದು.

ಈ ಶೋಧದಲ್ಲಿ ಬೆಂಗಳೂರಿನ ಪಾಲೂ ಉಂಟು. ಡಾ. ಎಸ್. ಕೆ. ಶಂಕರ್ ಅವರ ನೇತೃತ್ವದಲ್ಲಿ ೧೯೯೫ರಲ್ಲಿ ನಿಮ್ಹಾನ್ಸ್‌ನಲ್ಲಿ ಮಾನವ ಮಿದುಳಿನ ಭಂಡಾರ ಆರಂಭವಾಯಿತು. ಮಿದುಳಿನ ಅಂಗಾಂಶವನ್ನು ಸಂಶೋಧನೆಗಾಗಿ ಕಾಪಿಡುವ ಸಂಪ್ರದಾಯ ಅಲ್ಲಿ ಬೇರೂರಿತು. ಅದೇ ಸಂಸ್ಥೆಯ ವಾಣಿ ಸಂತೋಷ್ ಮೊದಲಾದವರೂ ಭಾರತೀಯ ವಿಜ್ಞಾನ ಸಂಸ್ಥೆಯ ಕುಮಾರವೇಲ್ ಸೋಮಸುಂದರಂ ಮೊದಲಾದವರೂ ಕೂಡಿ ನಮ್ಮವರ ಗೆಡ್ಡೆಗಳನ್ನೇ ಪರೀಕ್ಷಿಸಿದರು. ೨೦೧೩ರಲ್ಲಿ ಅವರು ಹದಿನಾಲ್ಕು ಜೀನುಗಳ ಒಂದು ಸೂಚಿಯನ್ನು ಪ್ರಕಟಿಸಿದರು. ಆ ಜೀನುಗಳ ಚಟುವಟಿಕೆಯನ್ನು ನೋಡಿ ರೋಗಿಗಳನ್ನು ಹೆಚ್ಚು ಅಪಾಯದವರು, ಕಡಮೆ ಅಪಾಯದವರು ಎಂದು ಬೇರ್ಪಡಿಸಬಹುದೆಂಬುದು ಅದರ ಸಾರ. ಇಂಥ ಸೂಚಿಗಳು ದಿನನಿತ್ಯದ ಹಾಸಿಗೆಯ ಬಳಿಗೆ ಬಂದಿಲ್ಲ. ಆದರೂ ಅದರ ಮಹತ್ವವನ್ನು ಮರೆಯುವಂತಿಲ್ಲ. ನಮ್ಮ ದೇಶದಲ್ಲಿ ಈ ರೋಗ ತಗಲುವವರು ಸಾಮಾನ್ಯವಾಗಿ ಪಶ್ಚಿಮದವರಿಗಿಂತ ಕಿರಿಯರು. ಅಲ್ಲಿಯ ಪಟ್ಟಿ ಇಲ್ಲಿಯವರಿಗೆ ಎಷ್ಟು ಒಪ್ಪುತ್ತದೆಂದು ಇಲ್ಲಿಯೇ ನೋಡಬೇಕು.

ಪಟ್ಟಿಯಲ್ಲಿ ಬಾರದ ಅಂಶ

ವಯಸ್ಸು, ಅಂಕ, ಜಾಗ, ಕತ್ತಿ, ಜೀನು ಇವೆಲ್ಲ ಪಟ್ಟಿಯಲ್ಲಿವೆ. ಬಳ್ಳಾರಿಯಿಂದ ಬೆಂಗಳೂರಿಗೆ ಸುಮಾರು ಮುನ್ನೂರು ಕಿಲೋಮೀಟರು ಎಂಬುದು ಯಾವ ಪಟ್ಟಿಯಲ್ಲೂ ಇಲ್ಲ. ವಿಕಿರಣ ಚಿಕಿತ್ಸೆಯ ವಾಡಿಕೆಯ ಕ್ರಮ ವಾರಕ್ಕೆ ಐದು ದಿನದಂತೆ ಆರು ವಾರ, ಒಟ್ಟು ಮೂವತ್ತು ಸರದಿ. ರಾತ್ರಿಯ ಹಂಪಿ ಎಕ್ಸ್‌ಪ್ರೆಸ್ ಹಿಡಿದು ಹೋಗಿಬರುವ ಕೆಲಸವಲ್ಲ. ಅಲ್ಲಿಯೇ ಬಿಡಾರ ಹೂಡಬೇಕು. ಜೊತೆಗೊಬ್ಬರು ದುಡಿಮೆ ಬಿಟ್ಟು ಕೂರಬೇಕು. ಪ್ರಯೋಗದ ರೋಗಿಗಳು ಈ ಆರು ವಾರಗಳನ್ನು ಬಹುಪಾಲು ಮುಗಿಸಿದವರು. ಹೊಲಿಗೆ ಯಂತ್ರದ ಮುಂದೆ ದಿನಗೂಲಿಗೆ ಕೂರುವವನು ಮೂರನೆಯ ವಾರಕ್ಕೆ ಊರಿಗೆ ಮರಳಿದರೆ, ಆ ಪ್ರಯೋಗದ ಸಂಖ್ಯೆ ಅವನಿಗೆ ಅನ್ವಯಿಸುವುದಿಲ್ಲ.

ಹಣಕ್ಕೂ ಆಯುಸ್ಸಿಗೂ ಸಂಬಂಧವುಂಟೆಂಬುದಕ್ಕೆ ನಮ್ಮ ಭಾಗದಿಂದಲೇ ಸಾಕ್ಷ್ಯ ದೊರೆತಿದೆ. ೨೦೧೦ರಲ್ಲಿ ಕರ್ನಾಟಕ ಸರ್ಕಾರ ವಾಜಪೇಯಿ ಆರೋಗ್ಯಶ್ರೀ ಎಂಬ ಯೋಜನೆಯನ್ನು ಮೊದಲು ಬಳ್ಳಾರಿಯನ್ನೊಳಗೊಂಡ ಗುಲಬರ್ಗಾ ವಿಭಾಗದಲ್ಲಿ ತಂದಿತು. ಬಡತನದ ರೇಖೆಯ ಕೆಳಗಿನ ಕುಟುಂಬಗಳಿಗೆ ಕ್ಯಾನ್ಸರ್, ಹೃದ್ರೋಗ, ನರರೋಗ ಮೊದಲಾದ ದೊಡ್ಡ ಕಾಯಿಲೆಗಳ ಚಿಕಿತ್ಸೆ ಉಚಿತ. ಯೋಜನೆ ಇದ್ದ ಊರುಗಳನ್ನೂ ಗಡಿಯ ಆಚೆ ಅದು ಇನ್ನೂ ಬಂದಿರದ ಊರುಗಳನ್ನೂ ಹೋಲಿಸಿದ ಅಧ್ಯಯನವೊಂದು ೨೦೧೪ರಲ್ಲಿ ಪ್ರಕಟವಾಯಿತು. ಯೋಜನೆಗೆ ಒಳಪಟ್ಟ ಕಾಯಿಲೆಗಳಿಂದಾದ ಸಾವು ಬಡ ಕುಟುಂಬಗಳಲ್ಲಿ ಈಚೆ ನೂರಕ್ಕೆ ೦.೩೨, ಆಚೆ ೦.೯೦. ಇದು ಮಿದುಳಿನ ಗೆಡ್ಡೆಯೊಂದರ ಲೆಕ್ಕವಲ್ಲ. ಆದರೆ ಒಂದೇ ಮಣ್ಣು, ಒಂದೇ ಬಡತನ. ನಡುವೆ ಒಂದು ಆಡಳಿತದ ಗೆರೆ. ಆ ಗೆರೆಯೂ ಆಯುಸ್ಸನ್ನು ನಿರ್ಧರಿಸುವ ಅಂಶಗಳಲ್ಲಿ ಒಂದೆಂದು ಒಪ್ಪಲೇಬೇಕು. ೨೦೧೮ರಿಂದ ಅಂಥ ಹಲವು ಯೋಜನೆಗಳು ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಸೇರಿವೆ. ಕಾಗದ ಓದಿಸಿಕೊಳ್ಳಲು ಬಂದವರಿಗೆ ಅದರ ಕಾರ್ಡು ಇದೆಯೇ ಎಂದು ಕೇಳುವುದು ಜೀನಿನ ಹೆಸರು ಹೇಳುವುದಕ್ಕಿಂತ ಮುಖ್ಯ.

ನಡುವಣ ಸಂಖ್ಯೆಯ ಅರ್ಥ

ಮೇಲೆ ಅನೇಕ ಸಲ ‘ನಡುವಣ ಆಯುಸ್ಸು’ ಎಂದೆವು. ನೂರು ರೋಗಿಗಳನ್ನು ಬದುಕಿದ ಕಾಲದ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ನಿಲ್ಲುವವನ ಕಾಲ ಅದು. ಅವನ ಹಿಂದೆ ಅರ್ಧದಷ್ಟು ಮಂದಿ, ಮುಂದೆ ಅರ್ಧದಷ್ಟು ಮಂದಿ. ನಮ್ಮ ಮನೆಯ ರೋಗಿ ಸಾಲಿನಲ್ಲಿ ಎಲ್ಲಿ ನಿಂತಿದ್ದಾನೆಂದು ಸಂಖ್ಯೆ ಹೇಳುವುದಿಲ್ಲ. ವಯಸ್ಸು, ಅಂಕ, ಜೀನುಗಳು ತಿಳಿದಂತೆಲ್ಲ ಸಾಲು ಚಿಕ್ಕದಾಗುತ್ತ ಬರುತ್ತದೆ; ಒಬ್ಬನೇ ಉಳಿಯುವಷ್ಟು ಚಿಕ್ಕದಾಗುವುದಿಲ್ಲ. ಅಮೆರಿಕದ ಜೀವವಿಜ್ಞಾನಿ ಸ್ಟೀಫನ್ ಜೇ ಗೂಲ್ಡ್‌ಗೆ ೧೯೮೨ರಲ್ಲಿ ಬೇರೊಂದು ಬಗೆಯ ಕ್ಯಾನ್ಸರ್ ಬಂದಾಗ ಪುಸ್ತಕದಲ್ಲಿದ್ದ ನಡುವಣ ಆಯುಸ್ಸು ಎಂಟು ತಿಂಗಳು. ಆತ ಬದುಕಿದ್ದು ಇಪ್ಪತ್ತು ವರ್ಷ. ಎಲ್ಲರಿಗೂ ಹಾಗಾಗುವುದಿಲ್ಲ, ಗ್ಲಯೋಬ್ಲಾಸ್ಟೋಮಾದಲ್ಲಿ ಬಹುಮಂದಿಗೆ ಹಾಗಾಗುವುದಿಲ್ಲವೆಂಬುದನ್ನು ಮರೆಮಾಚುವುದೂ ಸರಿಯಲ್ಲ.

ಇದರಲ್ಲಿ ಎರಡು ಬಗೆಯ ಅನಾಹುತವನ್ನು ಕಾಣುತ್ತೇವೆ. ‘ಹದಿನೈದು ತಿಂಗಳು’ ಎಂದು ಕೇಳಿ ಚಿಕಿತ್ಸೆಯನ್ನೇ ಕೈಬಿಟ್ಟು ಮನೆಗೆ ಕರೆತರುವವರು ಒಂದು ಕಡೆ. ಚಿಕಿತ್ಸೆ ಮುಗಿದ ಮೇಲೂ ಯಾರೋ ಕೊಟ್ಟ ಪೊಳ್ಳು ಭರವಸೆ ನಂಬಿ ಇದ್ದ ಎರಡೆಕರೆಯನ್ನು ಮಾರುವವರು ಇನ್ನೊಂದು ಕಡೆ. ಇಬ್ಬರಿಗೂ ಸರಿಯಾದ ಕೌಲು ಸಿಕ್ಕಿಲ್ಲ. ವೈದ್ಯನಾದವನು ಅವಧಿಯ ಕೌಲು ಬರೆದುಕೊಡಲಾರ. ಅಂದಾಜಿನ ಎರಡು ತುದಿಗಳನ್ನು ಮುಚ್ಚುಮರೆಯಿಲ್ಲದೆ ಹೇಳಬಲ್ಲ. ಗುಣಪಡಿಸಲು ಬಾರದ ಹೊತ್ತಿನಲ್ಲೂ ನೋವು, ಸೆಳವು, ವಾಂತಿಗಳನ್ನು ನೋಡಿಕೊಳ್ಳುವೆನೆಂದು ಮಾತು ಕೊಡಬಲ್ಲ. ಬೆಂಗಳೂರಿನ ಕರುಣಾಶ್ರಯದಂಥ ಸಂಸ್ಥೆಗಳು ೧೯೯೦ರ ದಶಕದಿಂದ ಮಾಡುತ್ತ ಬಂದಿರುವುದು ಈ ಕೆಲಸವನ್ನೇ. ಚರಕನ ಕಾಲದಲ್ಲಿ ಕೈಬಿಡಬೇಕಾದವನೆಂದು ಎಣಿಸಿದವನನ್ನೂ ಯಾಪ್ಯನೆಂದು ಕಾಣುವ ದೃಷ್ಟಿ ಅದು.

ಕಾಗದ ಹಿಡಿದು ಬರುವವರಿಗೆ ನಾನು ಈಚೆಗೆ ದಿನಗಳನ್ನು ಎಣಿಸಿ ಹೇಳುವ ಗೋಜಿಗೆ ಹೋಗುವುದಿಲ್ಲ. ವೈದ್ಯರನ್ನು ಕೇಳಬೇಕಾದ ಪ್ರಶ್ನೆಗಳನ್ನು ಅದೇ ಲಕೋಟೆಯ ಹಿಂಬದಿಯಲ್ಲಿ ಬರೆದುಕೊಡುತ್ತೇನೆ: ಗೆಡ್ಡೆಯನ್ನು ಎಷ್ಟು ತೆಗೆದಿದ್ದಾರೆ? ಐಡಿಎಚ್, ಎಂಜಿಎಂಟಿ ಪರೀಕ್ಷೆಗಳಾಗಿವೆಯೇ? ಕರೆಂಟು ಎಂದು ಆರಂಭ, ಎಷ್ಟು ಸರದಿ, ಉಳಿಯಲು ಜಾಗವೆಲ್ಲಿ? ಗುಳಿಗೆಯಿಂದ ಇವರಿಗೆ ಎಷ್ಟು ಲಾಭ ನಿರೀಕ್ಷಿಸಬಹುದು? ಕಾರ್ಡಿನಲ್ಲಿ ಯಾವುದು ಸೇರುತ್ತದೆ? ಊರಿಗೆ ಬಂದ ಮೇಲೆ ಸೆಳವು ಬಂದರೆ ಯಾರನ್ನು ಕರೆಯಬೇಕು? ಆರು ಪ್ರಶ್ನೆಗಳಿಗೂ ಉತ್ತರ ತಂದವರು “ಎಷ್ಟು ದಿನ?” ಎಂಬ ಏಳನೆಯದನ್ನು ಮತ್ತೆ ಕೇಳುವುದುಂಟು. ಆದರೆ ಅಷ್ಟು ಹೊತ್ತಿಗೆ ನಾಳೆ ಬೆಳಿಗ್ಗೆ ಮಾಡಬೇಕಾದ ಕೆಲಸ ಯಾವುದೆಂದು ಅವರಿಗೆ ಗೊತ್ತಿರುತ್ತದೆ.